ಅತ್ತೆ ಕೂರುವ ಹಲಗೆ

"ಕಿವಿ ಕೇಳಲ್ಲ ಕಣೇ ಅವನಿಗೆ!"

"ಯಾರಿಗೆ?"

"ಇನ್ಯಾರಿಗೆ? ನಿನ್ನ ಮಾವನಿಗೆ! ಎರಡು ವರ್ಷ ಆಯ್ತು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀಲಿ ಗುಂಯ್ ಅಂತ ಏನೋ ಬರುತ್ತಂತೆ, ಅಷ್ಟೇ."

ನಾನು ಫಕ್ಕನೆ ನಕ್ಕುಬಿಟ್ಟೆ. "ಅತ್ತೆ, ಸುಮ್ನೆ ತಮಾಷೆ ಮಾಡ್ಬೇಡ."

"ತಮಾಷೆ ಮಾಡೋಕೆ ನಂಗೇನು ತಲೆ ಕೆಟ್ಟಿದ್ಯಾ? ಮೊದ್ಲು ಎಂಜಿನ್ ಆಫ್ ಮಾಡ್ಸು. ಅವನ ಎದುರಿಗೆ ನಿಂತ್ಕೊಂಡು ಬಾಯಿ ಬಿಟ್ಟು ಹೇಳು. ಬೆನ್ನ ಹಿಂದೆ ನಿಂತು ಎಷ್ಟು ಕಿರುಚಿದ್ರೂ ಒಂದೇ. ಹೋಗು, ಹೋಗು!"

ಫೋನನ್ನು ಪ್ಲಾಸ್ಟಿಕ್ ಚೀಲದ ಸಮೇತ ಕಿವಿಗೆ ಒತ್ತಿಕೊಂಡು ನಾನು ನಿಂತಿದ್ದದ್ದು ಹದಿನೆಂಟು ಅಡಿಯ ಫೈಬರ್ ದೋಣಿಯಲ್ಲಿ. ದೋಣಿ ನಿಂತಿದ್ದದ್ದು ಕಡಲಿನಲ್ಲಿ, ಅಳಿವೆಯ ಹೊರಗೆ. ಮಾವ ನನ್ನಿಂದ ಮೂರೇ ಅಡಿ ದೂರದಲ್ಲಿ ಬೆನ್ನು ತಿರುಗಿಸಿ, ಐಸ್ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಸೀಟಿ ಹಾಕುತ್ತಿದ್ದ. ಎಂಜಿನ್ ಆಗಲೇ ಗುಡುಗುಡು ಎನ್ನುತ್ತಿತ್ತು. ಅವನ ಸೀಟಿಯ ಹಾಡು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಾನು ಈ ಸಲ ಕಾಲೇಜು ರಜೆಗೆ ಇವರ ಮನೆಗೆ ಬಂದಾಗಿನಿಂದ ಅವನ ಸೀಟಿ ಎಲ್ಲೆಲ್ಲೋ ಹೋಗುತ್ತಿತ್ತು. ಮಾವನಿಗೆ ವಯಸ್ಸಾಯಿತು ಎಂದು ನಾನೇ ಹಂಗಿಸಿದ್ದೆ.

ಎರಡು ನಿಮಿಷದ ಹಿಂದೆ ನಡೆದದ್ದು ಇಷ್ಟು. ವೈರ್‌ಲೆಸ್‌ನಲ್ಲಿ ದುರ್ಬೀನು ಅಣ್ಣನ ದನಿ ಬಂತು. ನದಿ ಕಡಲಿಗೆ ಸೇರುವ ಬಾಯಿಯ ಪಕ್ಕ ಕಲ್ಲಿನ ಗೋಡೆಯ ತುದಿಯಲ್ಲಿ ಒಂದು ಕಾವಲು ಗೋಪುರವಿದೆ. ಅದರಲ್ಲಿ ಇಡೀ ದಿನ ದುರ್ಬೀನು ಹಿಡಿದು ಕೂರುವವರು ಅವರು. ಅದಕ್ಕೇ ಆ ಹೆಸರು. "ಇಳಿತ ಜೋರಾಗಿದೆ, ಬಾಯಲ್ಲಿ ಅಲೆ ಒಡೀತಿದೆ. ಎರಡೂವರೆವರೆಗೆ ಯಾರೂ ಒಳಗೆ ಬರೋ ಹಾಗಿಲ್ಲ, ಹೊರಗೇ ಇರಿ" ಎಂದರು. ಮಾವ ವೈರ್‌ಲೆಸ್ ಕಡೆ ನೋಡಿ "ಹೂಂ" ಎಂದ. ಎಂದವನೇ ಎಂಜಿನ್ ಶುರು ಮಾಡಿದ. "ಬೇಡ ಅಂದ್ರಲ್ಲ ಮಾವ?" ಎಂದೆ. ಅದಕ್ಕೂ "ಹೂಂ ಹೂಂ." ಇವನಿಗೇನಾಗಿದೆ ಎಂದು ಚಾಡಿ ಹೇಳಲು ಅತ್ತೆಗೆ ಫೋನ್ ಮಾಡಿದ್ದೆ.

ನಾನು ಫೋನ್ ಇಳಿಸಿ, ಪರೀಕ್ಷೆಗೆಂದು ಅವನ ಬೆನ್ನಿಗೆ ಹೇಳಿದೆ. "ಮಾವ, ನಿನ್ನ ಪ್ಯಾಂಟ್ ಹಿಂದುಗಡೆ ಹರಿದಿದೆ."

ಸೀಟಿ ಮುಂದುವರಿಯಿತು.

"ಮಾವ, ದೋಣೀಲಿ ಹಾವು!"

ಸೀಟಿ.

ಐಸ್ ಪೆಟ್ಟಿಗೆ ದಾಟಿ, ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎಂಜಿನ್ ಕಡೆ ಬೆರಳು ತೋರಿಸಿದೆ. "ಎರಡೂವರೆವರೆಗೆ ಬೇಡವಂತೆ. ದುರ್ಬೀನು ಅಣ್ಣ ಹೇಳಿದ್ರು."

ಅವನು ನನ್ನ ಬಾಯನ್ನೇ ನೋಡಿದ. ಹತ್ತು ದಿನದಿಂದ ಅವನು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ಬಾಯನ್ನು ಎಂದು ಆಗಷ್ಟೇ ಹೊಳೆಯಿತು.

"ಎರಡೂವರೇನಾ? ಹಂಗಾದ್ರೆ ಕಾಯೋಣ ಬಿಡು" ಎಂದು ಎಂಜಿನ್ ಆರಿಸಿದ. ಏನೂ ಆಗಿಯೇ ಇಲ್ಲವೇನೋ ಎಂಬಂತೆ.

ಆಗ ಹನ್ನೊಂದೂವರೆ ಗಂಟೆ.

ನಮ್ಮ ಅಳಿವೆಯ ವಿಷಯ ಸ್ವಲ್ಪ ಹೇಳಬೇಕು. ನದಿ ತಂದು ಸುರಿದ ಮರಳು ಅದರ ಬಾಯಲ್ಲೇ ದಿಬ್ಬವಾಗಿ ನಿಂತಿದೆ. ನೀರಿನ ಅಡಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಇದ್ದಲ್ಲಿ ಇರುವುದೂ ಇಲ್ಲ. ಇಳಿತದ ಹೊತ್ತಿನಲ್ಲಿ ನದಿ ಹೊರಗೆ ನುಗ್ಗುತ್ತದೆ, ಕಡಲು ಒಳಗೆ ನುಗ್ಗುತ್ತದೆ, ಎರಡೂ ದಿಬ್ಬದ ಮೇಲೆ ಜಗಳಕ್ಕೆ ಬೀಳುತ್ತವೆ. ಅಲೆ ಗೋಡೆಯಂತೆ ಎದ್ದು ಅಲ್ಲೇ ಒಡೆಯುತ್ತದೆ. ಆಗ ಸಣ್ಣ ದೋಣಿ ಹೋದರೆ ಮಗುಚಿದಂತೆಯೇ ಲೆಕ್ಕ. ಉಬ್ಬರ ಶುರುವಾದ ಮೇಲೆ ಒಳಗೆ ಬರಬಹುದು, ಅದೂ ಸುಮ್ಮನೆ ಬರುವಂತಿಲ್ಲ. ಒಂದು ಅಲೆಯ ಬೆನ್ನು ಹತ್ತಿ, ಅದನ್ನು ದಾಟದೆ, ಹಿಂದಿನ ಅಲೆ ನಮ್ಮನ್ನು ಹಿಡಿಯದಂತೆ, ಎರಡರ ನಡುವಿನ ತಗ್ಗಿನಲ್ಲೇ ನುಸುಳಬೇಕು.

ಎಂಜಿನ್ ಹಿಡಿದವನು ಹಿಂದೆ ತಿರುಗಿ ನೋಡಬಾರದು. ನೋಡಿದರೆ ಕೈ ಅಲುಗುತ್ತದೆ, ದೋಣಿ ಅಡ್ಡಡ್ಡ ಆಗುತ್ತದೆ, ಮುಗಿಯಿತು. ಅದಕ್ಕೇ ನಮ್ಮಲ್ಲಿ ಇನ್ನೊಬ್ಬರು ನಡುವಿನ ಹಲಗೆಯ ಮೇಲೆ ಹಿಮ್ಮುಖವಾಗಿ ಕೂರುತ್ತಾರೆ. ಅವರ ಕೆಲಸ ಹಿಂದಿನ ಅಲೆಯನ್ನು ನೋಡುತ್ತ ವೇಗ ತಗ್ಗಿಸಲು "ನಿಲ್ಲು", ಹೆಚ್ಚಿಸಲು "ಒತ್ತು" ಎಂದು ಕೂಗುವುದು. ಆ ಹಲಗೆ ಅತ್ತೆಯದು. ನಾಲ್ಕು ದಿನದ ಹಿಂದೆ ದೋಣಿಕಟ್ಟೆಯ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. "ಅಯ್ಯೋ ನಾನಿಲ್ವಾ!" ಎಂದು ಕುಣಿದುಕೊಂಡು ಬಂದವಳು ನಾನು. ಅತ್ತೆ ಬೇಡ ಬೇಡ ಎಂದಿದ್ದಳು. ಕಾಲು ನೋವಿಗೆ ಹಾಗೆನ್ನುತ್ತಾಳೆ ಅಂದುಕೊಂಡಿದ್ದೆ.

ಮೊದಲ ಎರಡು ದಿನ ಕಡಲು ತಟ್ಟೆಯಲ್ಲಿಟ್ಟ ನೀರಿನಂತಿತ್ತು. ನಾನು ಕೂತು ಗಂಟಲು ಹರಿಯುವಂತೆ ಕೂಗಿದ್ದೇ ಕೂಗಿದ್ದು. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಹಲಗೆಯ ಮೇಲೆ ಕುಳಿತು ದಡ ನೋಡಿದೆ. ಎಷ್ಟು ಹತ್ತಿರವೆಂದರೆ ಐಸ್ ಫ್ಯಾಕ್ಟರಿಯ ಗೋಡೆಯ ಮೇಲಿನ ಪಾಚಿ ಕಾಣುತ್ತಿತ್ತು. ಯಾರೋ ಸ್ಕೂಟರ್ ನಿಲ್ಲಿಸಿ ಮಾತಾಡುತ್ತಿದ್ದರು. ಮೂರನೆಯ ಮಹಡಿಯಲ್ಲಿ ಒಬ್ಬಾಕೆ ಬೆಡ್‌ಶೀಟ್ ಹಿಂಡಿ ಹಿಂಡಿ ಹಾಕುತ್ತಿದ್ದಳು. ನಡುವೆ ಬಿಳಿ ನೊರೆಯ ಒಂದು ಪಟ್ಟಿ, ಅಷ್ಟೇ. ಪ್ರತಿ ಅಲೆ ಒಡೆದಾಗಲೂ ಬಾಗಿಲು ದಢಾರನೆ ಹಾಕಿದ ಸದ್ದು.

ದೋಣಿಯಲ್ಲಿ ನಡೆದಾಡಲು ಜಾಗವಿಲ್ಲ. ಮುಂದೆ ಲಂಗರಿನ ಹಗ್ಗ, ನಡುವೆ ಮೀನಿನ ಪೆಟ್ಟಿಗೆ, ಹಿಂದೆ ಮಾವ. ಒಂದು ಕಡೆ ಸರಿದರೆ ಇನ್ನೊಂದು ಕಡೆ ಏಳುತ್ತದೆ. ಲೈಫ್ ಜಾಕೆಟ್ ಬೆವರಿಗೆ ಮೈಗಂಟಿಕೊಂಡಿತ್ತು. ಒಂದು ನಿಮಿಷ ಬಿಚ್ಚಲು ಹೋದೆ. ಮಾವ "ಏಯ್!" ಎಂದ. ಕೈ ತೆಗೆದೆ. ಬ್ರೆಡ್ ಕೊಟ್ಟ, ಬೇಡವೆಂದೆ. ಅವನು ಮಾತ್ರ ಎರಡು ಮೊಟ್ಟೆ ಸುಲಿದು ತಿಂದು, ಮನೆಯ ಜಗಲಿಯಲ್ಲಿದ್ದಾನೇನೋ ಎಂಬಂತೆ ಕಾಲು ಚಾಚಿದ.

ಹನ್ನೆರಡೂವರೆಗೆ ಅತ್ತೆ ಮತ್ತೆ ಫೋನ್ ಮಾಡಿದಳು.

"ಗಾಳಿ ಹೆಂಗಿದೆ?"

"ಬರ್ತಾ ಇದೆ. ಅತ್ತೆ, ನಾನು ವೈರ್‌ಲೆಸ್ಸಲ್ಲಿ ದುರ್ಬೀನು ಅಣ್ಣನಿಗೆ ಹೇಳ್ಬಿಡ್ತೀನಿ."

"ನಿನ್ನ ದಮ್ಮಯ್ಯ ಅಂತೀನಿ, ಬೇಡ. ಆ ಚಾನೆಲ್ ಎಲ್ಲಾ ದೋಣಿಯವರೂ ಕೇಳ್ತಾರೆ. ಕಿವಿ ಕೇಳದವನಿಗೆ ದೋಣಿ ನಡೆಸೋ ಲೈಸೆನ್ಸ್ ಇಲ್ಲ. ಅವತ್ತೇ ಕಿತ್ಕೋತಾರೆ. ಆಮೇಲೆ ಇವನು ಮನೇಲಿ ಕೂತು ಏನು ಮಾಡ್ತಾನೆ? ಗೋಡೆ ನೋಡ್ತಾನೆ."

"ಮತ್ತೆ ನೀನು ಎರಡು ವರ್ಷ..."

"ಹೂಂ. ಎರಡು ವರ್ಷದಿಂದ ನಂಗೊಂದು ನೆಗಡಿ ಆಗೋ ಹಾಗಿಲ್ಲ. ತಂಗಿಗೆ ಹೆರಿಗೆ ಆದಾಗ ಹೋಗ್ಲಿಲ್ಲ. ಅವಳು ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಯಾಕೆ ಬರ್ಲಿಲ್ಲ ಅಂತ ಏನು ಹೇಳ್ಲಿ? ಬಿಡು ಅದನ್ನ. ಈಗ ಕೇಳು. ಅವನು ಕೂಗು ಕೇಳಲ್ಲ, ಮುಖ ನೋಡ್ತಾನೆ. ನಾನು ಹುಬ್ಬು ಎತ್ತಿದ್ರೆ ಒತ್ತು ಅಂತ, ಹಲ್ಲು ಕಚ್ಚಿದ್ರೆ ನಿಲ್ಲು ಅಂತ. ಅವನಿಗೆ ನನ್ನ ಮುಖ ರೂಢಿ. ನೀನು ಹಂಗೇ ಮಾಡು. ಮತ್ತೆ ನಗ್ಬೇಡ ಕಣೇ!"

ಅದೇ ನನ್ನ ಕಷ್ಟ. ಹೆದರಿಕೆಯಾದರೆ ನನಗೆ ನಗು ಬರುತ್ತದೆ. ವೈವಾದಲ್ಲಿ ನಕ್ಕಿದ್ದೇನೆ, ಸಾವಿನ ಮನೆಯಲ್ಲಿ ನಕ್ಕು ಅಮ್ಮನಿಂದ ಚಿವುಟಿಸಿಕೊಂಡಿದ್ದೇನೆ. ಈಗಲೂ ನಗುತ್ತಲೇ ಇದ್ದೆ.

"ಅತ್ತೆ, ಮಾವನಿಗೆ ಕಿವಿ ಕೇಳಲ್ಲ ಅಂತ ನಂಗೆ ಗೊತ್ತಾಗಿರೋದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಹಾಗೇ ಇರ್ತೀನಿ. ಪಾಪ, ಅವನಿಗೆ ಅವಮಾನ ಆಗ್ಬಾರ್ದು" ಎಂದೆ.

"ಗೊತ್ತಾಯ್ತು" ಎಂದ ಮಾವ.

ನಾನು ತಲೆ ಎತ್ತಿದೆ. ಅವನು ಮೂರಡಿ ದೂರದಲ್ಲಿ ನನ್ನ ಬಾಯನ್ನೇ ನೋಡುತ್ತ ಕುಳಿತಿದ್ದ. ನಾನು ಅವನ ಎದುರಿಗೇ, ಅವನ ಮುಖಕ್ಕೆ ಮುಖ ಕೊಟ್ಟು, ಇಷ್ಟನ್ನೂ ಮಾತಾಡಿದ್ದೆ. ಗುಟ್ಟಾಗಲಿ ಎಂದು ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಪಿಸುಗುಟ್ಟಿದ್ದೆ ಬೇರೆ.

"ಅತ್ತೆ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ.

ಮಾವ ಮುಖ ಗಂಟು ಹಾಕಿಕೊಂಡು ಕಡಲಿನ ಕಡೆ ತಿರುಗಿದ. ತಿರುಗಿದನೆಂದರೆ ಮಾತು ಮುಗಿಯಿತು. ನೋಡದಿದ್ದರೆ ಅವನಿಗೆ ಏನನ್ನೂ ಹೇಳಲಾಗುವುದಿಲ್ಲ. ಎಂಥ ಅನುಕೂಲ! ನಾನು ಹೋಗಿ ಅವನ ಮುಂದೆ ಕೂರಲು ಜಾಗವೂ ಇರಲಿಲ್ಲ, ಆ ಕಡೆ ನೀರು. ಹತ್ತು ನಿಮಿಷ ಹಾಗೇ ಕಳೆಯಿತು. ಅಲೆ ದೋಣಿಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಇಳಿದಾಗ ದಡ ಮಾಯ, ಬರೀ ನೀರಿನ ಗೋಡೆ. ಬಾವಿಯೊಳಗೆ ಕುಳಿತ ಹಾಗೆ.

ಕೊನೆಗೆ ಅವನೇ ತಿರುಗಿದ. "ಮೂವತ್ತು ವರ್ಷ ಈ ಎಂಜಿನ್ ಬಲಗಿವಿ ಪಕ್ಕ ಇಟ್ಕೊಂಡು ಕೂತಿದ್ದೀನಿ. ಇನ್ನೇನಾಗುತ್ತೆ? ಯಾರಿಗೆ ಹೇಳ್ತೀಯ ಈಗ? ನಿಮ್ಮಮ್ಮಂಗಾ?"

"ಯಾರಿಗೂ ಇಲ್ಲ. ನಂಗೆ ಮನೆಗೆ ಹೋಗ್ಬೇಕು ಮಾವ."

"ಕರ್ಕೊಂಡ್ ಹೋಗ್ತೀನಿ ಗಿರಗಟ್ಲೆ." ಅವನು ನನ್ನನ್ನು ಕರೆಯುವುದೇ ಹಾಗೆ. "ಆದ್ರೆ ನಿನ್ನ ಮುಖ ನಂಗೆ ಓದೋಕಾಗಲ್ಲ. ನಿಮ್ಮತ್ತೆದು ದಿನಪತ್ರಿಕೆ ಇದ್ದ ಹಾಗೆ, ದೊಡ್ಡಕ್ಷರ. ನೀನು ಅತ್ರೂ ನಗ್ತೀಯ, ನಕ್ರೂ ನಗ್ತೀಯ."

"ಹಂಗಾದ್ರೆ ಕೈ ತೋರಿಸ್ತೀನಿ."

"ಕೈ ಬಿಟ್ಟೆ ಅಂದ್ರೆ ನೀನಿರಲ್ಲ ಹಲಗೆ ಮೇಲೆ. ಎರಡೂ ಕೈಯಲ್ಲಿ ಅಂಚು ಹಿಡ್ಕೊಂಡಿರ್ಬೇಕು."

ನನ್ನ ಕಾಲು ಅವನ ಕಾಲಿಗೆ ತಾಗುತ್ತಿತ್ತು. ಮೂರಡಿಯಲ್ಲಿ ಇನ್ನೆಲ್ಲಿ ಇಡುವುದು?

"ಕಾಲು!" ಎಂದೆ.

"ಏನು?"

"ಕಾಲು ಮಾವ, ಕಾಲು! ಒದ್ರೆ ಒತ್ತು, ಒತ್ತಿ ಹಿಡಿದ್ರೆ ನಿಲ್ಲು."

"ನೋಡಪ್ಪ! ಎತ್ತಿ ಆಡ್ಸಿದ ಮಾವನಿಗೇ ಒದೀತಾಳಂತೆ" ಎಂದ. ಆದರೆ ಅವನ ಮುಖ ಸ್ವಲ್ಪ ಸಡಿಲವಾಯಿತು.

ಅಭ್ಯಾಸ ಮಾಡಿದೆವು. ಎರಡೂ ಪಾದದಿಂದ ಅವನ ಎರಡೂ ಮೊಣಕಾಲಿನ ಕೆಳಗೆ ಒದೆಯುವುದು, ಅಂದರೆ ಎಂಜಿನ್ ಒತ್ತು. ಎರಡೂ ಪಾದ ಒತ್ತಿ ಹಿಡಿಯುವುದು, ಅಂದರೆ ತಡೆ. "ಮೆಲ್ಲಗೆ ಒದ್ರೆ ಗೊತ್ತಾಗಲ್ಲ, ಸರಿಯಾಗಿ ಒದಿ. ನಿಮ್ಮತ್ತೆ ಪರವಾಗಿ ಅಂತ ತಿಳ್ಕೊ." ಹತ್ತು ಸಲ, ಇಪ್ಪತ್ತು ಸಲ. ಅವನ ಕಾಲು ಕೆಂಪಾಯಿತು.

ಒಂದೂವರೆಯ ಹೊತ್ತಿಗೆ ನೊರೆಯ ಪಟ್ಟಿ ತೆಳ್ಳಗಾಗುತ್ತ ಬಂತು, ಆದರೆ ಗಾಳಿ ಎದ್ದಿತು. ದೂರದಲ್ಲಿ ಕಡಲಿನ ಬಣ್ಣ ಕಪ್ಪಾಯಿತು. ಇಳಿತ ಮುಗಿಯುವ ಮೊದಲು ಹೋಗುವಂತಿಲ್ಲ. ಗಾಳಿ ಪೂರ್ತಿ ಬಂದ ಮೇಲೆ ಹೋಗಲಾಗುವುದಿಲ್ಲ. ಹೊರಗೆ ರಾತ್ರಿ ಕಳೆಯೋಣವೆಂದರೆ ಈ ದೋಣಿಗೆ ಸೂರಿಲ್ಲ. ಬೇರೆ ಬಂದರು ಆರು ಗಂಟೆ ದೂರ, ಅಷ್ಟು ಪೆಟ್ರೋಲ್ ಇಲ್ಲ. ಎತ್ತ ತಿರುಗಿದರೂ ಅದೇ ಬಾಗಿಲು.

ಎರಡೂ ಇಪ್ಪತ್ತಕ್ಕೆ ವೈರ್‌ಲೆಸ್ ಮಾತಾಡಿತು. "ಹೊರಗಿರೋ ದೋಣಿ, ಗಾಳಿ ಬೇಗ ಬರ್ತಾ ಇದೆ. ಉಬ್ಬರ ಹಿಡ್ಕೊಂಡಿದೆ. ದೊಡ್ಡ ಅಲೆ ಮೂರು ಬರುತ್ತೆ, ಅದು ಹೋಗ್ಲಿ. ಆಮೇಲೆ ಬನ್ನಿ. ಎಷ್ಟು ಜನ?"

"ಇಬ್ರು. ಇಬ್ರೂ ಜಾಕೆಟ್ ಹಾಕಿದ್ದೀವಿ" ಎಂದೆ.

"ದೋಣಿ ನಡೆಸೋರು ಮಾತಾಡ್ಲಿ."

ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಾವ ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ಅವನು ತಲೆಯಾಡಿಸಲಿಲ್ಲ, ಸುಮ್ಮನೆ ನೋಡುತ್ತಿದ್ದ. ಅದೇ ಕಷ್ಟವಾಯಿತು.

"ಅವರ ಕೈ ಎಂಜಿನ್ ಮೇಲಿದೆ ಅಣ್ಣ. ನಾನೇ ಹೇಳ್ತೀನಿ ಅವರಿಗೆ."

"ನಿಮ್ಮತ್ತೆನೂ ದಿನಾ ಇದನ್ನೇ ಹೇಳ್ತಾರೆ" ಎಂದರು ದುರ್ಬೀನು ಅಣ್ಣ. "ಆಯ್ತು, ಬನ್ನಿ."

ಮಾವ ಎಂಜಿನ್ನಿನ ಕೆಂಪು ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿ ನಿಲ್ಲುತ್ತದೆ. ನಾನು ಅತ್ತೆಯ ಹಲಗೆಯ ಮೇಲೆ ಹಿಮ್ಮುಖವಾಗಿ ಕುಳಿತೆ. ಎರಡೂ ಕೈ ಅಂಚಿಗೆ, ಎರಡೂ ಪಾದ ಅವನ ಕಾಲಿಗೆ. ವೈರ್‌ಲೆಸ್ ನನ್ನ ಜಾಕೆಟ್ಟಿನ ಜೇಬಿನಲ್ಲಿ.

ಒಂದು. ದೋಣಿ ಎದ್ದು ಇಳಿಯಿತು. ಎರಡು. ಮೂರನೆಯದು ಬರುವಾಗ ದಿಗಂತವನ್ನೇ ಮುಚ್ಚಿತು, ನಮ್ಮ ಅಡಿಯಿಂದ ದಾಟಿ ಹೋಯಿತು. ಒದ್ದೆ.

ಎಂಜಿನ್ ಕೂಗಿತು. ಆ ಬೆನ್ನಿನ ಹಿಂದೆಯೇ ನುಗ್ಗಿದೆವು. ನನಗೆ ಮುಂದೆ ಏನಿದೆ ಕಾಣುವುದಿಲ್ಲ. ಮಾವನಿಗೆ ಹಿಂದೆ ಏನಿದೆ ಕಾಣುವುದಿಲ್ಲ. ಅವನ ಹೆಗಲಿನಾಚೆ ನೀರು ಉಬ್ಬುತ್ತ ಬರುತ್ತಿತ್ತು, ಹಸಿರಾಗಿ, ಯಾವ ಸದ್ದೂ ಇಲ್ಲದೆ. ಇನ್ನೂ ದೂರ. ಇನ್ನೂ ದೂರ. ಮಾವ ಸ್ವಲ್ಪ ಜೋರಾದ. ಮುಂದಿನ ಅಲೆಯ ತಲೆ ದಾಟಿಬಿಡುತ್ತೇವೇನೋ ಎನಿಸಿತು. ಒತ್ತಿ ಹಿಡಿದೆ. ನಿಧಾನವಾಯಿತು. ಹಿಂದಿನದು ಹತ್ತಿರ ಬಂತು. ಒದ್ದೆ. ನಾನು ಜೋರಾಗಿ ನಗುತ್ತಿದ್ದೆ, ಕಣ್ಣಿಂದ ನೀರು ಸುರಿಯುತ್ತಿತ್ತು. ಅವನು ನನ್ನ ಮುಖ ನೋಡಲೇ ಇಲ್ಲ.

ಆಗ ಎದೆಯ ಮೇಲಿನ ವೈರ್‌ಲೆಸ್ ಕಿರುಚಿತು. "ಬಲಕ್ಕೆ! ಬಲಕ್ಕೆ ತಗೋ! ದಿಬ್ಬ ಸರಿದಿದೆ, ಬಲಕ್ಕೆ!"

ಬಲಕ್ಕೆ ನಮ್ಮಲ್ಲಿ ಒದೆಯೇ ಇರಲಿಲ್ಲ. ಒತ್ತು, ನಿಲ್ಲು, ಎರಡೇ.

"ಬಲ!" ಎಂದು ಕಿರುಚಿ ಗದ್ದವನ್ನು ಬಲಕ್ಕೆ ಎಳೆದೆ. ಈಗ ಅವನು ನೋಡಿದ. ನೋಡಿ, ದೋಣಿಯನ್ನು ತಿರುಗಿಸಿದ. ಎಡಕ್ಕೆ.

ಅವನದೇನೂ ತಪ್ಪಿಲ್ಲ. ನಾನು ಹಿಮ್ಮುಖವಾಗಿ ಕುಳಿತಿದ್ದೆ. ನನ್ನ ಬಲ ಅವನ ಎಡ.

"ಬಲಕ್ಕೆ ಅಂದೆ! ಏನ್ ಮಾಡ್ತಿದ್ದೀಯಪ್ಪಾ!" ಎಂದು ವೈರ್‌ಲೆಸ್ ಬೊಬ್ಬೆ ಹಾಕುತ್ತಿತ್ತು, ಇಡೀ ಲೋಕದಲ್ಲಿ ಅದನ್ನು ಕೇಳಬೇಕಾದ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಕೇಳಿಸುವಂತೆ. ದೋಣಿ ವಾಲಿತು. ತಲೆ ಕೆಲಸ ಮಾಡಲಿಲ್ಲ, ಕಾಲು ಮಾಡಿತು. ನನ್ನ ಎಡಗಾಲಿನಿಂದ ಅವನ ಬಲ ಮೊಣಕಾಲಿಗೆ ಒದ್ದೆ. ಮತ್ತೆ ಒದ್ದೆ. ಆ ಒಂದೇ ಕಾಲಿಗೆ, ಬಿಡದೆ, ಅವನ ಮೊಣಕಾಲು ಮುರಿದರೂ ಸರಿ ಎಂಬಂತೆ.

ಅರ್ಧ ಕ್ಷಣ ಅವನ ಕಣ್ಣು ಗೊಂದಲದಿಂದ ಅಗಲವಾಯಿತು. ಆಮೇಲೆ ಅವನ ಕೈ ಹೊರಳಿತು.

ದೋಣಿಯ ಎಡಗಡೆ, ಒಂದು ದೋಣಿಯಷ್ಟು ದೂರದಲ್ಲಿ, ಕಡಲು ಹಿಂಗಿ ಮರಳು ಕಂಡಿತು. ಒದ್ದೆ ಮರಳು, ಅದರ ಮೇಲೊಂದು ಕೊಳೆತ ಹಗ್ಗದ ತುಂಡು ಸಹ. ಮರುಕ್ಷಣ ಅಲೆ ಅದರ ಮೇಲೆ ಬಿತ್ತು. ಪಕ್ಕದಿಂದ ನೀರು ನುಗ್ಗಿ ಮಂಡಿಯವರೆಗೆ ತುಂಬಿತು. ಮೀನಿನ ಪೆಟ್ಟಿಗೆಯ ಮುಚ್ಚಳ ಹಾರಿಹೋಯಿತು. ನಾನು ಹಲಗೆಗೆ ಹಲ್ಲಿಯಂತೆ ಅಂಟಿಕೊಂಡಿದ್ದೆ. ಆಮೇಲೆ ಸದ್ದೆಲ್ಲ ಹಿಂದಕ್ಕೆ ಹೋಯಿತು. ದೋಣಿಯ ಕೆಳಗೆ ನೀರು ಸಪಾಟಾಯಿತು. ನದಿ.

ಮಾವ ಎಂಜಿನ್ ತಗ್ಗಿಸಿ, ಬಗ್ಗಿ ತನ್ನ ಮೊಣಕಾಲು ನೋಡಿಕೊಂಡ. ಚರ್ಮ ಸುಲಿದು ರಕ್ತ ಬರುತ್ತಿತ್ತು. "ಕತ್ತೆ" ಎಂದ. ನೀರು ಹೊರಹಾಕಲು ಡಬ್ಬಿಯನ್ನು ನನ್ನ ಕಡೆ ಎಸೆದ.

ದೋಣಿಕಟ್ಟೆಗೆ ಬಂದಾಗ ದುರ್ಬೀನು ಅಣ್ಣ ಗೋಪುರದಿಂದ ಇಳಿದು ಓಡೋಡಿ ಬಂದಿದ್ದರು. ಮಾವ ಅವರಿಗೆ ಬೆನ್ನು ಮಾಡಿ ಹಗ್ಗ ಕಟ್ಟುತ್ತಿದ್ದ.

"ಬಲಕ್ಕೆ ಅಂದ್ರೆ ಎಡಕ್ಕೆ ತಿರುಗಿಸ್ತೀರಲ್ರೀ! ನನ್ನ ಜೀವ ಬಾಯಿಗೆ ಬಂದಿತ್ತು. ಯಾಕ್ ಹಂಗ್ ಮಾಡಿದ್ರಿ?"

ಮಾವ ಗಂಟು ಬಿಗಿದ. ಅವರು ಕಾದರು.

"ನಂದೇ ತಪ್ಪು ಅಣ್ಣ" ಎಂದೆ. "ನಾನೇ ಉಲ್ಟಾ ಹೇಳ್ಬಿಟ್ಟೆ."

ಅವರು ಮಾವನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು, ನನ್ನನ್ನು ನೋಡಿದರು, ಗೋಪುರದ ಮೆಟ್ಟಿಲ ಕಡೆ ಹೋದರು. ಮಾವ ತಿರುಗಿ "ಏನಂತೆ ಅವನದು?" ಎಂದು ಕೇಳಿದ. ನಾನು ಹೇಳಿದೆ. "ಸರಿಯಾಗಿ ಹೇಳ್ದೆ" ಎಂದ. ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು, ನಾಳೆಯ ಕೆಲಸ ನಾಳೆಗೆ ಎನ್ನುವಷ್ಟು ಸಲೀಸಾಗಿ, "ನಾಳೆ ಐದಕ್ಕೇ ಏಳ್ಬೇಕು. ಬಲಕ್ಕೆ ಒಂದು, ಎಡಕ್ಕೆ ಒಂದು ಒದೆ ಸೇರಿಸ್ಕೊಳೋಣ" ಎಂದ.

ನೆಲದ ಮೇಲೆ ನಿಂತಿದ್ದರೂ ಕಾಲ ಕೆಳಗೆ ಏನೋ ತೂಗಿತು. ಐಸ್ ಫ್ಯಾಕ್ಟರಿಯ ಸಂದಿಯಲ್ಲಿ, ಬಲೆ ಹೆಣೆಯುವವರ ಅಂಗಡಿಯ ಮುಂದೆ, ಅವನ ಹಿಂದೆ ನಡೆಯುತ್ತ ಲೆಕ್ಕ ಹಾಕಿದೆ. ಪ್ಲಾಸ್ಟರ್ ಇನ್ನೂ ಐದೂವರೆ ವಾರ. ನನ್ನ ಕಾಲೇಜು ಮೂರು ವಾರಕ್ಕೆ ಶುರು. ಅಷ್ಟರೊಳಗೆ ಅವನ ಕಾಲಿಗೆ ನನ್ನ ಒದೆ ರೂಢಿಯಾಗಿರುತ್ತದೆ. ಅತ್ತೆ ತಂಗಿಯ ಮನೆಗೆ ಹೋಗದಿದ್ದದ್ದು ಹೀಗೆಯೇ ಇರಬೇಕು. ಯಾರೂ ಕಟ್ಟಿಹಾಕಿರಲಿಲ್ಲ. ಒಂದು ದಿನ ಅವಳೂ ಯಾರಿಗೋ "ಅವರ ಕೈ ಎಂಜಿನ್ ಮೇಲಿದೆ" ಎಂದಿದ್ದಳು, ಅಷ್ಟೇ.

ಮನೆಯೆಂದರೆ ಎರಡು ಕೋಣೆ. ಅತ್ತೆಯ ಮಂಚವನ್ನು ಅಡುಗೆ ಕೋಣೆಯ ಕಿಟಕಿಗೆ ಎಳೆದು ಹಾಕಿದ್ದೆವು. ಪ್ಲಾಸ್ಟರ್ ಕಾಲು ಎರಡು ದಿಂಬಿನ ಮೇಲೆ. ನಾವು ಒಳಗೆ ಬಂದಾಗ ಅವಳು ಅಳಲಿಲ್ಲ, ಬೈದಳು. ನೀರಿಳಿಯುವ ಬಟ್ಟೆಗೆ, ನೆಲಕ್ಕೆ, ಗಾಳಿಗೆ, ಎಲ್ಲಕ್ಕೂ. ಮಾವ ಮೇಜಿನ ಮುಂದೆ ಕುಳಿತು ಊಟಕ್ಕೆ ಕೈ ಹಾಕಿದ. ಮೇಜಿನ ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಕನ್ನಡಿಯಿದೆ. ಅಡುಗೆ ಕೋಣೆಯಲ್ಲಿ ಕನ್ನಡಿ ಯಾಕೆಂದು ಹತ್ತು ದಿನ ನಾನು ಯೋಚಿಸಿರಲೇ ಇಲ್ಲ, ತಲೆ ಬಾಚಿಕೊಂಡಿದ್ದೆ. ಹಿಂದಿನ ಬಾಗಿಲಿನಿಂದ ಯಾರು ಬಂದರೂ ಅದರಲ್ಲಿ ಅವನಿಗೆ ಕಾಣುತ್ತದೆ. ಕಿಟಕಿ ಪಕ್ಕದ ಮಂಚ ಮಾತ್ರ ಅದರಲ್ಲಿ ಬೀಳುವುದಿಲ್ಲ.

"ನಾಳೆ ಐದಕ್ಕಂತೆ" ಎಂದೆ ಅತ್ತೆಗೆ.

ಅತ್ತೆ ಅವನ ಬೆನ್ನು ನೋಡುತ್ತ, ಅಭ್ಯಾಸವಾಗಿ ಹೋದ ದನಿಯಲ್ಲಿ ಹೇಳಿದಳು. "ನಂಗೆ ಸಾಕಾಗಿದೆ. ಕಾಲು ಸರಿ ಹೋದ್ರೂ ನಾನಿನ್ನು ಆ ಹಲಗೆ ಮೇಲೆ ಕೂರಲ್ಲ. ನಂಗೆ ಭಯ ಆಗುತ್ತೆ. ದಿನಾ ಭಯ ಆಗುತ್ತೆ."

"ಅವನಿಗೆ ಹೇಳು ಅತ್ತೆ."

"ಹೇಳ್ತಾನೇ ಇರ್ತೀನಿ. ಎರಡು ವರ್ಷದಿಂದ ಹೇಳ್ತಾ ಇದ್ದೀನಿ, ಹಿಂಗೇ, ಅವನು ಊಟ ಮಾಡುವಾಗ."

ನಾನು ಮೇಜಿನ ಮೇಲೆ ಎರಡು ಸಲ ಬಡಿದೆ. ತಟ್ಟೆ ಅಲುಗಿತು, ಮಾವ ತಲೆ ಎತ್ತಿದ. ಮಂಚದ ಕಡೆ ಕೈ ತೋರಿಸಿದೆ. ಅವನು ಕುರ್ಚಿ ತಿರುಗಿಸಿದ.

"ಇನ್ನೊಂದ್ಸಲ ಹೇಳು" ಎಂದೆ.

ಅತ್ತೆ ನನ್ನನ್ನು ನುಂಗುವಂತೆ ನೋಡಿದಳು. ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. ಆಮೇಲೆ ಹೇಳಿದಳು, ಮುಖವೆತ್ತಿ. ಈ ಸಲ ದನಿಯೇ ಬರಲಿಲ್ಲ, ಬರೀ ತುಟಿ. ಬಂದಿದ್ದರೂ ಏನು ವ್ಯತ್ಯಾಸವಾಗುತ್ತಿತ್ತು?

ಮಾವನ ಕೈಯಲ್ಲಿ ತುತ್ತು ಹಾಗೇ ಇತ್ತು. "ದಿನಾನಾ?" ಎಂದ.

ಅತ್ತೆ ತಲೆಯಾಡಿಸಿದಳು.

"ನಿನ್ನ ಮುಖದಲ್ಲಿ ಯಾವತ್ತೂ ಕಾಣ್ಲಿಲ್ವಲ್ಲೇ."

"ಕಂಡ್ರೆ ನೀನು ತಪ್ಪು ತಿಳ್ಕೊಂಡು ಎಂಜಿನ್ ನಿಲ್ಲಿಸ್ತಿದ್ದೆ. ಅದಕ್ಕೇ ತೋರಿಸ್ತಿರ್ಲಿಲ್ಲ."

"ನಾನೂ ಬರಲ್ಲ ಮಾವ" ಎಂದೆ. ನಗು ಬಂದೇ ಬಂತು. "ಇದು ಹೆದರಿಕೆ ನಗು. ನಿಜವಾಗ್ಲೂ ಬರಲ್ಲ."

ಅವನು ತುತ್ತನ್ನು ತಟ್ಟೆಗೆ ಹಾಕಿ, ಎದ್ದು ಕೈ ತೊಳೆದ. ತುಂಬ ಹೊತ್ತು ತೊಳೆದ. ಹೊರಗೆ ಹೋಗಿಬಿಡುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ಇನ್ನು ಎರಡು ದಿನ ಯಾರ ಮುಖವನ್ನೂ ನೋಡುವುದಿಲ್ಲ ಅಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡಿರಬೇಕು, ಮತ್ತೆ ಹೊದಿಕೆಯ ಅಂಚು ಹಿಡಿದಳು. ಅವನು ಬಂದು, ಪ್ಲಾಸ್ಟರ್ ಕಾಲಿನ ಪಕ್ಕ ಮಂಚದ ತುದಿಯಲ್ಲಿ ಕುಳಿತು, ನನ್ನ ಕಡೆ ನೋಡಿದ.

"ದುರ್ಬೀನಿಗೆ ಫೋನ್ ಮಾಡು."

"ಏನಂತ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ. ನಾನೇ ಹೇಳ್ತೀನಿ, ಅವನು ಏನಂದ ಅಂತ ನೀನು ಹೇಳು."

ರಿಂಗ್ ಹೋಯಿತು. ಸ್ಪೀಕರ್ ಹಾಕಿ ಮಾವನ ಬಾಯಿಯ ಹತ್ತಿರ ಹಿಡಿದೆ. ಅವರು ಎತ್ತಿದಾಗ ಮಾವನಿಗೆ ತಲೆಯಾಡಿಸಿದೆ.

"ನಾನಪ್ಪ. ನೀನು ಹೇಳೋದು ನಂಗೆ ಕೇಳಲ್ಲ. ಈಗ ಅಂತ ಅಲ್ಲ, ಎರಡು ವರ್ಷ ಆಯ್ತು. ಇವತ್ತು ಬಲಕ್ಕೆ ಅಂದದ್ದೂ ಕೇಳ್ಲಿಲ್ಲ. ಹುಡುಗಿ ಸುಳ್ಳು ಹೇಳಿದ್ದು, ಅವಳದೇನೂ ತಪ್ಪಿಲ್ಲ."

ಆ ಕಡೆ ಗಾಳಿಯ ಸದ್ದು ಮಾತ್ರ. ಗೋಪುರದ ಕಿಟಕಿ ತೆರೆದೇ ಇರುತ್ತದೆ.

"ಏನಂತೆ?" ಎಂದ ಮಾವ.

"ಇನ್ನೂ ಏನೂ ಅಂದಿಲ್ಲ."

ಆಮೇಲೆ ದುರ್ಬೀನು ಅಣ್ಣ ನಿಧಾನವಾಗಿ ಮಾತಾಡಿದರು. "ನಾಳೆ ದೋಣಿ ಬಿಚ್ಚಬೇಡ ಅಂತ ಹೇಳಮ್ಮ. ಲೈಸೆನ್ಸ್ ತಗೊಂಡು ಬರ್ಲಿ. ಅದು ಏನಾಗುತ್ತೋ ನಾನು ಈಗ್ಲೇ ಹೇಳೋಕಾಗಲ್ಲ, ಬರೆದು ಮೇಲಕ್ಕೆ ಕಳಿಸ್ಬೇಕು. ಒಂಬತ್ತೂವರೆ. ನಿಮ್ಮತ್ತೆನೂ ಬರ್ಬೇಕು, ವೈರ್‌ಲೆಸ್ಸಲ್ಲಿ ಇಷ್ಟು ದಿನ ಮಾತಾಡಿದ್ದು ಅವರು ತಾನೆ."

"ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ ಅಣ್ಣ."

"ಹಂಗಾದ್ರೆ ನಾನೇ ಇಳಿದು ಬರ್ತೀನಿ. ದೋಣಿಕಟ್ಟೆ ಹತ್ರ ಬೆಂಚಿದೆಯಲ್ಲ, ಅಲ್ಲಿ."

ನಾನು ಫೋನ್ ಪಕ್ಕಕ್ಕಿಟ್ಟು, ಮಾವನ ಎದುರಿಗೆ ಬಂದು, ಒಂದೊಂದೇ ಮಾತಾಗಿ ಹೇಳಿದೆ. ಅವನು ನನ್ನ ಬಾಯನ್ನು ನೋಡುತ್ತ ಕೊನೆಯವರೆಗೂ ಓದಿದ.

"ಒಂಬತ್ತೂವರೆ ಅಂದನಾ, ಹತ್ತೂವರೆ ಅಂದನಾ?"

"ಒಂಬತ್ತೂವರೆ."

"ಆಯ್ತು, ಬರ್ತೀವಿ ಅನ್ನು" ಎಂದ ಮಾವ. "ಮೂರೂ ಜನ."